ಬರೀ ‘ಒಳ್ಳೆ ಗೇಮ್ ಹೇಳಿ’ ಅಂದ್ರೆ ಹೇಗೆ ಮಾರಾಯ್ರೆ?

"4 ಜಿಬಿ ರ್‍ಯಾಮ್ ಇರುವ ಹಳೇ ಡೆಸ್ಕ್‌ಟಾಪ್‌ಗೆ ಒಳ್ಳೆ ಗೇಮ್ ಹೇಳಿ" ಅಂತ ಕೇಳಿದ್ದೀರಿ. ರ್‍ಯಾಮ್ ಎಷ್ಟು ಅಂತ ಹೇಳಿದ್ದು ಒಳ್ಳೆಯದಾಯ್ತು. ಆದರೆ ಉಡುಪಿಯ ಹೋಟೆಲಿಗೆ ಹೋಗಿ "ಏನಾದರೂ ಒಳ್ಳೇದು ಕೊಡಿ" ಅಂದರೆ ಗೋಳಿಬಜೆ ಬರುತ್ತದೋ ಬನ್ಸ್ ಬರುತ್ತದೋ ಹೇಳಲಿಕ್ಕಾಗುವುದಿಲ್ಲ, ಅಲ್ವಾ? ಈ ಹಿಂದೆ ಆಡಿದ್ದರಲ್ಲಿ ಯಾವುದು ಹಿಡಿಸಿತು, ಯಾವುದನ್ನು ಅರ್ಧಕ್ಕೇ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಬರೆಯಿರಿ. ಬಿಟ್ಟದ್ದರಿಂದಲೇ ಜಾಸ್ತಿ ಗೊತ್ತಾಗುವುದು. ಬಜೆಟ್ಟೂ ಹೇಳಿ.

ಸದ್ಯಕ್ಕೆ ನನ್ನದೊಂದು: ಸ್ಟಾರ್‌ಡ್ಯೂ ವ್ಯಾಲಿ. 2016ರಲ್ಲಿ ಬಂದದ್ದು, ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ್ದು. ಬಿತ್ತುವುದು, ನೀರು ಹಾಕುವುದು, ಮೀನು ಹಿಡಿಯುವುದು. ನಿಮ್ಮ ಮಷೀನಿಗೆ ಭಾರ ಆಗುವುದಿಲ್ಲ. ತಕರಾರು ಒಂದೇ, ಆಟದೊಳಗೆ ರಾತ್ರಿ ಮಲಗಿದಾಗ ಮಾತ್ರ ಸೇವ್ ಆಗುವುದು. ಮಂಗಳೂರಿನ ಮಳೆಗಾಲ ಗೊತ್ತಲ್ಲ, ಯುಪಿಎಸ್ ಇಲ್ಲದೆ ನನ್ನ ಒಂದಿಡೀ ದಿನದ ಬೇಸಾಯ ಎರಡು ಸಲ ಕರೆಂಟಿನ ಜೊತೆಗೇ ಹೋಗಿದೆ.

ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಂಡರೆ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಮೀನು ಹಿಡಿಯುವುದು ಮೊದಮೊದಲು ಸಿಟ್ಟು ಬರಿಸುತ್ತದೆ. ಸುಮ್ನೆ ಅದೊಂದಕ್ಕೆ ವಾಪಸ್ ಮಾಡಬೇಡಿ.