ಸ್ಯಾನ್ ಹೋಸೆಗೆ ಬರುವ ಮುಂಚೆ ಮಗನ ಬಗ್ಗೆ ಕೇಳಿದ್ದೀರಿ

ಒಂಬತ್ತು ವರ್ಷದ ಮಗನಿಗೆ ಬುದ್ಧಿಮಾಂದ್ಯತೆ ಇದೆ, ಈಚೆಗೆ ತಲೆ ಚಚ್ಚಿಕೊಳ್ಳುತ್ತಾನೆ, ರಾತ್ರಿ ನಿದ್ದೆ ಇಲ್ಲ, ಎಚ್-1ಬಿ ಮೇಲೆ ಬರುತ್ತಿದ್ದೇವೆ, ಯಾರಿಗೆ ತೋರಿಸಬೇಕು ಅಂತ ಕೇಳಿದ್ದೀರಿ. ನಮ್ಮ ಮಗನೂ ಅಂಥವನೇ, ಹಾಗಾಗಿ ನೇರವಾಗಿ ಹೇಳುತ್ತೇನೆ.

ಬಂದ ವಾರವೇ ಸ್ಯಾನ್ ಆಂಡ್ರಿಯಾಸ್ ರೀಜನಲ್ ಸೆಂಟರ್‌ಗೆ ಫೋನ್ ಮಾಡಿ. 1969ರ ಲ್ಯಾಂಟರ್‌ಮನ್ ಕಾನೂನಿನ ಕೆಳಗೆ ಕ್ಯಾಲಿಫೋರ್ನಿಯಾದಲ್ಲಿ ಇಂಥ 21 ಸೆಂಟರ್‌ಗಳಿವೆ. ವೀಸಾ ಯಾವುದು ಅನ್ನೋದು ಇಲ್ಲಿ ಅಡ್ಡ ಬರುವುದಿಲ್ಲ. ಆದರೆ ಇದು ಆಸ್ಪತ್ರೆಯಲ್ಲ, ಬೆಳವಣಿಗೆಯ ತೊಂದರೆ ಇರುವವರಿಗೆ ಸೌಲಭ್ಯ ಕೊಡಿಸುವ ಕೇಂದ್ರ. ಮೊದಲು ಮಗುವಿನ ಅಸೆಸ್‌ಮೆಂಟ್ ಮಾಡುತ್ತಾರೆ.

ನಮ್ಮವರು ಎಡವುವುದು ಅಲ್ಲೇ. ನಮ್ಮ ಮಗನ ಅಸೆಸ್‌ಮೆಂಟ್‌ಗೆ ಬಂದಾಕೆ ಶರ್ಟ್ ಗುಂಡಿ ತಾನೇ ಹಾಕಿಕೊಳ್ಳುತ್ತಾನಾ ಅಂತ ಕೇಳಿದರು. ನಮ್ಮಮ್ಮ ಪಕ್ಕದಿಂದ, "ಹಾಕ್ಕೋತಾನೆ, ಸ್ವಲ್ಪ ನಿಧಾನ ಅಷ್ಟೇ" ಎಂದರು. ಮೇಲಿನ ಎರಡು ಗುಂಡಿ ಹಾಕುವಷ್ಟರಲ್ಲಿ ಅವನಿಗೆ ಬೆವರಿಳಿಯುತ್ತಿತ್ತು, ಉಳಿದದ್ದನ್ನು ದಿನಾ ನನ್ನ ಹೆಂಡತಿಯೇ ಹಾಕುವುದು. ಮಗುವನ್ನು ಬಿಟ್ಟುಕೊಡಬಾರದು ಅಂತ ನಾವು ಹೀಗೆ ಮುಚ್ಚಿಡುತ್ತೇವೆ, ಅಲ್ವಾ? ಆ ಮನೆತನದ ಮರ್ಯಾದೆಯಿಂದ ಇಲ್ಲಿ ಸೌಲಭ್ಯ ಕೈತಪ್ಪುತ್ತದೆ. ಅವನ ಅತಿ ಕೆಟ್ಟ ದಿನ ಹೇಗಿರುತ್ತದೋ ಅದನ್ನೇ ಹೇಳಿ.

ಶಾಲೆಗೆ ಬಾಯಲ್ಲಿ ಹೇಳಿದರೆ ಸಾಲದು, ಪತ್ರ ಬರೆದು ಅಸೆಸ್‌ಮೆಂಟ್ ಕೇಳಿ. ಸಾಮಾನ್ಯವಾಗಿ 15 ದಿನದೊಳಗೆ ಅದರ ಪ್ಲಾನ್ ಕೊಡಬೇಕು. ನೀವು ಸಹಿ ಹಾಕಿದ ಮೇಲೆ 60 ದಿನದೊಳಗೆ ಐಇಪಿ ಮೀಟಿಂಗ್, ಅಂದರೆ ಮಗುವಿಗೆ ತಕ್ಕ ಕಲಿಕೆಯ ಯೋಜನೆ ಮಾಡುವ ಸಭೆ. ಬೇಕಿದ್ದರೆ ಕನ್ನಡ ದುಭಾಷಿಯನ್ನೂ ಕೇಳಬಹುದು, ಖರ್ಚು ಶಾಲೆಯದು.

ಈಗ ತಲೆ ಚಚ್ಚಿಕೊಳ್ಳುವ ವಿಷಯ. ಮೊದಲು ಮಕ್ಕಳ ಡಾಕ್ಟರಿಂದ ಕಿವಿ, ಹಲ್ಲು, ಮಲಬದ್ಧತೆ ನೋಡಿಸಿ. ಮಾತು ಬಾರದ ಮಗು ನೋವನ್ನು ಹೀಗೂ ಹೇಳುತ್ತದೆ. ಅದೇನೂ ಇಲ್ಲದಿದ್ದರೆ ಮಕ್ಕಳ ಸೈಕಿಯಾಟ್ರಿಸ್ಟ್‌ಗೆ ರೆಫರಲ್ ಕೇಳಿ. ಇಂಥ ಮಕ್ಕಳಿಗೂ ಆತಂಕ, ಖಿನ್ನತೆ ಬರುತ್ತದೆ, ಬೇರೆ ಮಕ್ಕಳಿಗಿಂತ ಜಾಸ್ತಿಯೇ. ಇನ್ಶೂರೆನ್ಸ್‌ನವರು "ಇದು ಬುದ್ಧಿಮಾಂದ್ಯತೆಯ ಭಾಗ, ರೀಜನಲ್ ಸೆಂಟರ್ ಕೇಳಿ" ಎನ್ನಬಹುದು. ಅಲ್ಲಿ ಹೋದರೆ "ಇದು ಮಾನಸಿಕ ಕಾಯಿಲೆ, ಇನ್ಶೂರೆನ್ಸ್ ಕೇಳಿ". ನಮ್ಮನ್ನು ಹೀಗೇ ಚೆಂಡಿನಂತೆ ಆಡಿಸಿದರು. ವಾದ ಮಾಡಬೇಡಿ. "ಆಗಲ್ಲ ಅನ್ನೋದನ್ನ ಬರವಣಿಗೆಯಲ್ಲಿ ಕೊಡಿ" ಎನ್ನಿ. ಪತ್ರ ಕೈಗೆ ಬಂದರೆ ಮೇಲ್ಮನವಿ ಹಾಕಬಹುದು, ಎಷ್ಟೋ ಸಲ ಪತ್ರ ಕೇಳಿದ ತಕ್ಷಣ ಧಾಟಿಯೇ ಬದಲಾಗುತ್ತದೆ.

ಸೈಕಿಯಾಟ್ರಿಸ್ಟ್ ಅಪಾಯಿಂಟ್‌ಮೆಂಟ್‌ಗೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ನಿಮ್ಹಾನ್ಸ್‌ನಲ್ಲಿ ತೋರಿಸಿದ್ದರೆ ಪೂರ್ತಿ ಫೈಲ್, ಐಕ್ಯೂ ರಿಪೋರ್ಟ್ ಹ್ಯಾಂಡ್ ಬ್ಯಾಗಲ್ಲೇ ತನ್ನಿ. ಮಾತ್ರೆ ಇದ್ದರೆ ಬ್ರ್ಯಾಂಡ್ ಹೆಸರಲ್ಲ, ಒಳಗಿರುವ ಔಷಧದ ಹೆಸರು, ಡೋಸ್ ಬರೆಸಿಕೊಳ್ಳಿ. ರಾತ್ರಿ ಕೈಮೀರಿದರೆ 988ಕ್ಕೆ ಫೋನ್ ಮಾಡಿ, ಅದು ಮಾನಸಿಕ ಸಂಕಷ್ಟದ ಸಹಾಯವಾಣಿ. ಜೀವಕ್ಕೆ ಅಪಾಯ ಅನ್ನಿಸಿದರೆ ತುರ್ತು ಸೇವೆಯ 911, ಆದರೆ ಮಗುವಿಗೆ ಬುದ್ಧಿಮಾಂದ್ಯತೆ ಇದೆ ಅಂತ ಮೊದಲ ವಾಕ್ಯದಲ್ಲೇ ಹೇಳಿಬಿಡಿ, ಬಾಗಿಲಿಗೆ ಪೊಲೀಸರೂ ಬರಬಹುದು.