ಸಂಪಾದಕರ ಉತ್ತರ: ಸಹಿ ಹಾಕದ ಸಲಹೆಗಾರರು

ಸ್ಪೇನಿನ ದೊರೆ ಏಳನೆಯ ಫರ್ಡಿನಾಂಡನ ‘ಕಮರಿಲ್ಲಾ’ದ ಬಗ್ಗೆ, ಅಂದರೆ ಆಡಳಿತದ ಹೊಣೆ ಹೊರದೆ ಒಳಕೋಣೆಯಲ್ಲೇ ಕುಳಿತು ದೊರೆಯ ಕಿವಿ ಊದುತ್ತಿದ್ದ ಆಪ್ತಕೂಟದ ಬಗ್ಗೆ, ಕಳೆದ ಸಂಚಿಕೆಯಲ್ಲಿ ಬರೆದುದಕ್ಕೆ ಹಾಸನದ ಹಿರಿಯ ಓದುಗರೊಬ್ಬರು ಆಕ್ಷೇಪ ಎತ್ತಿದ್ದಾರೆ. ಮಂತ್ರಿಗಳು ಕುರ್ಚಿಗಾಗಿ ಮುಖಸ್ತುತಿ ಮಾಡುತ್ತಾರೆ, ನಿಜ ಹೇಳುವವರು ಆಪ್ತರೇ ಎನ್ನುತ್ತಾರೆ ಅವರು. ನೀರು ಮಾರಿ ಬದುಕಿದವನೊಬ್ಬ ಅರಮನೆ ಸೇರಿದ್ದು ನಿಮಗೆ ಸಹಿಸದಾಯಿತು ಎಂಬುದು ಅವರ ದೂರು.

ದೊರೆಗೂ ಮನಬಿಚ್ಚಿ ಮಾತನಾಡಲು ನಾಲ್ಕು ಜನ ಬೇಕು, ಒಪ್ಪುತ್ತೇನೆ. ‘ಚಮೋರೊ’ ಎಂದು ಹೆಸರಾದ ಪೆದ್ರೊ ಕೊಯಾದೊ ಹಿಂದೆ ನೀರು ಮಾರುತ್ತಿದ್ದುದು ಅವನ ಅಪರಾಧವೂ ಅಲ್ಲ. ಅದೇ ಕೂಟದಲ್ಲಿದ್ದ ಅಲಗೋನಿನ ಡ್ಯೂಕ್ ಮಹಾಕುಲೀನ. ಫ್ಲೋರಿಡಾವನ್ನು ಅಮೆರಿಕಕ್ಕೆ ಬಿಟ್ಟುಕೊಡುವ ಮಾತುಕತೆ ನಡೆದಿರುವಾಗಲೇ ಅಲ್ಲಿನ ವಿಶಾಲ ಭೂಮಿಯನ್ನು ದೊರೆಯಿಂದ ತನ್ನ ಹೆಸರಿಗೆ ಬರೆಸಿಕೊಂಡವನು ಅವನೇ. ನನ್ನ ತಕರಾರು ಹುಟ್ಟಿನ ಮೇಲಲ್ಲ. ಸಲಹೆ ಕೊಟ್ಟವನ ಹೆಸರು ಕಡತದಲ್ಲಿ ಇರಬೇಕು, ಕೆಲಸ ಕೆಟ್ಟಾಗ ಅವನನ್ನು ಕರೆದು ಕೇಳುವಂತಿರಬೇಕು ಎಂಬುದಷ್ಟೇ ನನ್ನ ಹಟ.

ಹಡಗುಗಳ ಸಂಗತಿಯನ್ನೇ ನೋಡಿ. ಅಮೆರಿಕ ಖಂಡದಲ್ಲಿ ದಂಗೆಯೆದ್ದ ಸ್ಪೇನಿನ ವಸಾಹತುಗಳಿಗೆ ಸೈನ್ಯ ಕಳುಹಿಸಲು 1817ರಲ್ಲಿ ರಷ್ಯಾದಿಂದ ಯುದ್ಧನೌಕೆಗಳನ್ನು ಕೊಳ್ಳಲಾಯಿತು. ವ್ಯವಹಾರ ಕುದುರಿಸಿದವರು ಕೂಟದ ಅಂತೋನಿಯೊ ಉಗಾರ್ತೆ ಮತ್ತು ರಷ್ಯಾದ ರಾಯಭಾರಿ ತಾತಿಶ್ಚೇವ್. ಹಡಗಿನ ವಿಷಯ ಬಲ್ಲ ನೌಕಾ ಸಚಿವ ವಾಸ್ಕೆಸ್ ಫಿಗೆರೋವಾ ಅವರನ್ನು ಒಂದು ಮಾತೂ ಕೇಳಲಿಲ್ಲ. 1818ರ ಫೆಬ್ರವರಿಯಲ್ಲಿ ದಕ್ಷಿಣ ಸ್ಪೇನಿನ ಕಾದಿಸ್ ಬಂದರಿಗೆ ಬಂದ ಐದು ದೊಡ್ಡ ಯುದ್ಧನೌಕೆಗಳನ್ನೂ ಅವಕ್ಕಿಂತ ಚಿಕ್ಕದಾದ ಮೂರು ಫ್ರಿಗೇಟ್‌ಗಳನ್ನೂ ಪರೀಕ್ಷಿಸಿದಾಗ ಹೆಚ್ಚಿನವುಗಳ ಮರ ಕೊಳೆತಿತ್ತು. ಅವುಗಳಲ್ಲೊಂದು ಮರುವರ್ಷ ಪೆರುವಿಗೆ ಹೊರಟು, ಒಳಗೆ ನೀರು ನುಗ್ಗಿದ್ದರಿಂದ ನಡುದಾರಿಯಲ್ಲೇ ಹಿಂದಿರುಗಿತು. ಹಡಗಿಲ್ಲದೆ ಕಾದಿಸ್ ಸುತ್ತ ಕೊಳೆಯುತ್ತಿದ್ದ ಸೈನ್ಯದ ಅಸಮಾಧಾನ ಬೆಳೆಯುತ್ತ ಹೋಯಿತು. 1820ರ ಜನವರಿ 1ರಂದು ಸೇನಾಧಿಕಾರಿ ರಿಯೇಗೊ ಅದೇ ಸೈನ್ಯದ ನಡುವೆ ಸಂವಿಧಾನದ ಪರ ಬಂಡಾಯ ಸಾರಿದ. ಮಾರ್ಚ್ ಹೊತ್ತಿಗೆ, 1814ರಲ್ಲಿ ತಾನೇ ರದ್ದು ಮಾಡಿದ್ದ ಸಂವಿಧಾನಕ್ಕೆ ದೊರೆ ತಲೆಬಾಗಬೇಕಾಯಿತು.

ಓದುಗ ಮಹಾಶಯರೇ, ಇಷ್ಟು ಆಸ್ಥೆಯಿಂದ ಪತ್ರ ಬರೆದ ನೀವು, ಆಪ್ತರು ನಿಜ ಹೇಳುತ್ತಾರೆ ಎಂಬ ಮಾತನ್ನು ಈ ಹಡಗುಗಳ ಮುಂದಿಟ್ಟು ಇನ್ನೊಮ್ಮೆ ಯೋಚಿಸಬೇಕಿತ್ತು. ಆದರೆ ನನ್ನ ಹೆಚ್ಚಿನ ಬೇಸರ ಇತಿಹಾಸ ಬರೆಯುವವರ ಮೇಲೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಎಲ್ಲ ದೊರೆಗಳಿಗೂ ಅನ್ವಯಿಸಿ, ಅರಸು ಒಳ್ಳೆಯವನು, ಸುತ್ತಲಿನವರು ಕೆಟ್ಟವರು ಎಂದು ಬರೆದುಬಿಡುತ್ತಾರೆ. 1848ರಲ್ಲಿ ಪ್ರಷ್ಯಾ ಎಂಬ ಜರ್ಮನ್ ರಾಜ್ಯದಲ್ಲೂ ದೊರೆಯ ಆಪ್ತರಾದ ಗೆರ್ಲಾಖ್ ಸಹೋದರರ ಕೂಟಕ್ಕೆ ಬೈಗುಳವೆಲ್ಲ ಬಿದ್ದಿತು, ಆ ಕೂಟವನ್ನು ಬಳಿ ಇಟ್ಟುಕೊಂಡ ದೊರೆಗೆ ಅನುಕಂಪ ಸಿಕ್ಕಿತು. ಫರ್ಡಿನಾಂಡ್ ಯಾರಿಂದಲೂ ಮೋಸ ಹೋದವನಲ್ಲ. ಸಚಿವರ ಬೆನ್ನ ಹಿಂದೆ ಹಡಗು ಕೊಳ್ಳುವುದು ಅವನಿಗೇ ಬೇಕಿತ್ತು. 1818ರ ಸೆಪ್ಟೆಂಬರಿನಲ್ಲಿ ವಾಸ್ಕೆಸ್ ಫಿಗೆರೋವಾ, ವಿದೇಶಾಂಗ ಸಚಿವ ಪಿಸಾರೊ, ಹಣಕಾಸು ಸಚಿವ ಗರಾಯ್ ಮೂವರನ್ನೂ ಒಟ್ಟಿಗೇ ವಜಾ ಮಾಡಿ ಮ್ಯಾಡ್ರಿಡ್‌ನಿಂದ ಹೊರಗಟ್ಟಿದ ಆಜ್ಞೆಯೂ ಅವನದೇ.