ಹೊಸ ಆವೃತ್ತಿ ಬಂದಾಗ ಹಳೆಯ ಕೈಪಿಡಿಯನ್ನು ಅಳಿಸಬೇಕೇ?

ಪ್ರಶ್ನೆ: ನಾವು ಕೆಲವು ಸ್ನೇಹಿತರು ಸೇರಿ ಅಡಿಕೆ ವ್ಯಾಪಾರದ ಲೆಕ್ಕ ಇಡಲು ಒಂದು ಮುಕ್ತ ತಂತ್ರಾಂಶವನ್ನು ಬರೆದಿದ್ದೇವೆ. ಮೊದಲ ಆವೃತ್ತಿಯಲ್ಲಿ ಅಡಿಕೆಗೆಲ್ಲ ಒಂದೇ ಖಾತೆಯಿತ್ತು. ಎರಡನೆಯದರಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲುಗಳಿಗೆ ಬೇರೆ ಬೇರೆ ಖಾತೆ ಮಾಡಿ, ಜಾಲತಾಣದಲ್ಲಿದ್ದ ಕೈಪಿಡಿಯನ್ನೂ ಅಂದೇ ತಿದ್ದಿದೆವು. ಈಗ ಆಗುಂಬೆ, ಹೊಸನಗರದ ಕಡೆ ಹಳೆಯದನ್ನೇ ಬಳಸುತ್ತಿರುವವರು, ಕೈಪಿಡಿಯಲ್ಲಿರುವ ಮೆನು ತಮ್ಮಲ್ಲಿ ಇಲ್ಲವೆಂದು ಫೋನ್ ಮಾಡುತ್ತಾರೆ. ಕನ್ನಡ ಕೈಪಿಡಿಯಂತೂ ಇಂಗ್ಲಿಷಿನದಕ್ಕಿಂತ ಹಿಂದೆ ಬಿದ್ದಿದೆ. ಏನು ಮಾಡಬೇಕು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹಳೆಯ ಕೈಪಿಡಿಯನ್ನು ತಿದ್ದುವುದಲ್ಲ, ಅದನ್ನು ಇದ್ದಂತೆಯೇ ಉಳಿಸಿ, ಹೊಸದನ್ನು ಪಕ್ಕದಲ್ಲಿ ಇಡಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶದವರು ಪ್ರತಿಯೊಂದು ಪ್ರಧಾನ ಆವೃತ್ತಿಗೂ 5 ವರ್ಷ ಬೆಂಬಲ ಕೊಡುತ್ತಾರೆ. ಆ ಅವಧಿ ಮುಗಿದ ಮೇಲೂ ಅದರ ಕೈಪಿಡಿಯನ್ನು ತೆಗೆಯದೆ, ಈ ಆವೃತ್ತಿಗೆ ಈಗ ಬೆಂಬಲವಿಲ್ಲವೆಂಬ ಸೂಚನೆಯನ್ನು ಪುಟದ ನೆತ್ತಿಯಲ್ಲಿ ಹಾಕುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2ನೇ ಆವೃತ್ತಿಯ ಬೆಂಬಲ 2020ರ ಜನವರಿ 1ಕ್ಕೆ ನಿಂತರೂ 2.7ರ ಕೈಪಿಡಿ ಇಂದಿಗೂ ಓದಲು ಸಿಗುತ್ತದೆ.

ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ತಂತ್ರಾಂಶವನ್ನು ನೀವು ಬಳಸುತ್ತಿದ್ದರೆ ಹಳೆಯ ಪುಟಗಳು ಕಳೆದುಹೋಗಿರುವುದಿಲ್ಲ. ಮೊದಲ ಆವೃತ್ತಿಗೆ ಹಾಕಿದ ಟ್ಯಾಗ್‌ನಿಂದ (ಗುರುತು) ಒಂದು ಶಾಖೆಯನ್ನು (ಬೇರೆಯಾಗಿ ಮುಂದುವರಿಸುವ ಪ್ರತಿ) ತೆಗೆದು, ಅಲ್ಲಿನ ಕೈಪಿಡಿಯನ್ನು ಆವೃತ್ತಿಯ ಸಂಖ್ಯೆಯಿರುವ ವಿಳಾಸದಲ್ಲಿ ಮತ್ತೆ ಪ್ರಕಟಿಸಿರಿ. ಇಲ್ಲಿ ಒಂದು ತೊಡಕನ್ನು ಗಮನಿಸಬೇಕು: ಬಳಕೆದಾರರ ಕಂಪ್ಯೂಟರಿನಲ್ಲಿ ಈಗಾಗಲೇ ಕುಳಿತಿರುವ ಮೊದಲ ಆವೃತ್ತಿಯ ‘ಸಹಾಯ’ ಗುಂಡಿಯು ಸಂಖ್ಯೆಯಿಲ್ಲದ ಹಳೆಯ ವಿಳಾಸವನ್ನೇ ತೆರೆಯುತ್ತಿರಬಹುದು, ಮತ್ತು ಅದನ್ನು ನೀವು ದೂರದಿಂದ ಬದಲಿಸಲಾರಿರಿ. ಆದ್ದರಿಂದ ಆ ವಿಳಾಸಕ್ಕೆ ಬಂದವರಿಗೆ ಎರಡೂ ಆವೃತ್ತಿಗಳ ಕೊಂಡಿ ಮೊದಲ ಸಾಲಿನಲ್ಲೇ ಕಾಣಲಿ. ಮುಂದಿನ ಬಿಡುಗಡೆಯಿಂದ ‘ಸಹಾಯ’ವು ತನ್ನದೇ ಆವೃತ್ತಿಯ ಪುಟಕ್ಕೆ ಹೋಗುವಂತೆ ಮಾಡಿರಿ.

ಮುಖಪುಟದ ವಿಷಯ ಸರಳ. ಹೊಸ ಕಡತವು ನಿಜವಾಗಿ ಇಳಿಯುತ್ತದೆಯೆಂದು ನೋಡಿಕೊಂಡ ಮೇಲೆಯೇ ಡೌನ್‌ಲೋಡ್ ಕೊಂಡಿಯನ್ನು ಬದಲಿಸಬೇಕು. ಆವೃತ್ತಿಯ ಸಂಖ್ಯೆಯನ್ನು ಪುಟಪುಟದಲ್ಲೂ ಕೈಯಿಂದ ಬರೆಯದೆ ಒಂದೇ ಕಡೆಯಿಂದ ತೆಗೆದುಕೊಳ್ಳುವಂತಿರಬೇಕು. ಇನ್ನು, ಮೆನು ಬದಲಿಸಿದವರೇ ಅದರ ಪುಟವನ್ನೂ ಅದೇ ಕಮಿಟ್‌ನಲ್ಲಿ (ಗಿಟ್‌ನಲ್ಲಿ ಒಟ್ಟಿಗೆ ದಾಖಲಿಸುವ ಬದಲಾವಣೆ) ತಿದ್ದಬೇಕೆಂಬ ನಿಯಮವನ್ನು ತಂಡದಲ್ಲಿ ತನ್ನಿರಿ. ಬಿಡುಗಡೆಯ ಹಿಂದಿನ ರಾತ್ರಿ ಒಬ್ಬರೇ ಕುಳಿತು ಎಲ್ಲವನ್ನೂ ತಿದ್ದುವ ಪದ್ಧತಿಯಿಂದ ಒಳ್ಳೆಯ ಕೈಪಿಡಿ ಹುಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಕನ್ನಡದ ಬಗ್ಗೆ ಅವಸರ ಬೇಡ. ಅನುವಾದಕ್ಕೆ ಗೆಟ್‌ಟೆಕ್ಸ್ಟ್ ಎಂಬ ಸಲಕರಣೆಯನ್ನು ಬಳಸಿದರೆ, ಮೂಲ ವಾಕ್ಯ ಬದಲಾದಾಗ ಅದರ ಹಳೆಯ ಅನುವಾದಕ್ಕೆ ‘ಫಜಿ’ (ಅಸ್ಪಷ್ಟ) ಎಂಬ ಗುರುತು ಬಿದ್ದು, ಯಾರಾದರೂ ಪರಿಶೀಲಿಸುವವರೆಗೆ ಸಾಮಾನ್ಯವಾಗಿ ಆ ಜಾಗದಲ್ಲಿ ಇಂಗ್ಲಿಷ್ ವಾಕ್ಯವೇ ಕಾಣುತ್ತದೆ. ಪುಟ ಕಲಬೆರಕೆಯಾಯಿತೆಂದು ಕೆಲವರು ಗೊಣಗಬಹುದು. ಆದರೂ ಲೆಕ್ಕದ ತಂತ್ರಾಂಶದಲ್ಲಿ ತಪ್ಪು ದಾರಿ ತೋರಿಸುವ ಕನ್ನಡಕ್ಕಿಂತ ಸರಿಯಾದ ಇಂಗ್ಲಿಷ್ ಮೇಲು. ಲಿನಕ್ಸ್‌ನ ಡೆಸ್ಕ್‌ಟಾಪ್ ತಂತ್ರಾಂಶವಾದ ಗ್ನೋಮ್‌ನಂತಹ ಯೋಜನೆಗಳಲ್ಲಿ ಬಿಡುಗಡೆಗೆ ಮುಂಚೆ ಕೆಲವು ವಾರ ಪರದೆಯ ಪದಗಳನ್ನು ಬದಲಿಸದೆ ಅನುವಾದಕರಿಗೆ ಸಮಯ ಕೊಡುತ್ತಾರೆ; ನೀವೂ ಹಾಗೆ ಮಾಡಬಹುದು.

ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ನಮ್ಮ ಕಡೆ, ಪ್ರತಿ ಆವೃತ್ತಿಯ ಕೈಪಿಡಿಯೂ ಪಿಡಿಎಫ್ ಆಗಿ ಸಿಗಬೇಕು. ಅದರ ಪ್ರತಿ ಪುಟದಲ್ಲೂ ಆವೃತ್ತಿಯ ಸಂಖ್ಯೆ ಇರಬೇಕು.

ನಿಮ್ಮ ಪತ್ರದಲ್ಲಿ ಕಾಣದ ಒಂದು ಪುಟವನ್ನು ಮಾತ್ರ ಎಲ್ಲಕ್ಕಿಂತ ಮೊದಲು ಬರೆಯಿರಿ. ಹಳೆಯ ಒಂದೇ ಖಾತೆಯಲ್ಲಿದ್ದ ನಮೂದುಗಳು ಹೊಸ ಆವೃತ್ತಿಯಲ್ಲಿ ಯಾವ ಖಾತೆಗೆ ಸೇರುತ್ತವೆ, ಬದಲಾಯಿಸುವ ಮುಂಚೆ ಬ್ಯಾಕಪ್ ತೆಗೆಯುವುದು ಹೇಗೆ, ಬೇಡವೆನಿಸಿದರೆ ಹಿಂದಕ್ಕೆ ಹೋಗಬಹುದೇ ಎಂಬುದು ತಿಳಿಯದೆ ಯಾವ ವ್ಯಾಪಾರಿಯೂ ತನ್ನ ಲೆಕ್ಕವನ್ನು ಮುಟ್ಟಲಾರ. ಆರ್ಥಿಕ ವರ್ಷ ಮುಗಿಯುವ ಮಾರ್ಚ್ 31ರವರೆಗೆ ಹಳೆಯದರಲ್ಲೇ ಇರುತ್ತೇವೆ ಎನ್ನುವವರನ್ನು ಒತ್ತಾಯಿಸಬೇಡಿ. ಅಲ್ಲಿಯವರೆಗೆ ಮೊದಲ ಆವೃತ್ತಿಯ ದೋಷಗಳನ್ನು ಸರಿಪಡಿಸುತ್ತೇವೆಂದು ಅದೇ ಪುಟದಲ್ಲಿ ದಿನಾಂಕ ಸಹಿತ ಬರೆದುಬಿಡಿ.